ಫ್ಲಾಪಿಯ ವೇಷ ಹಾಕಿದ ಪೆನ್‌ಡ್ರೈವ್

2006ರ ಮಳೆಗಾಲ. ಮಾಟುಂಗಾದಲ್ಲಿ ನಮ್ಮ ಮಾವನ ಹೋಟೆಲಿನ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದ್ದ ಬಿಲ್ಲಿಂಗ್ ಕಂಪ್ಯೂಟರ್ ಒಂದು ಬೆಳಿಗ್ಗೆ ಏಳಲೇ ಇಲ್ಲ. ಕಪ್ಪು ಪರದೆ, ಮೇಲೊಂದು ಸಾಲು ಬಿಳಿ ಅಕ್ಷರ.

"ಎಂತ ಮಾರಾಯ, ಡಬ್ಬ ಎದ್ದಿತಾ?" ಮಾವ ಕೈಯಲ್ಲೇ ಬಿಲ್ ಬರೆಯುತ್ತಾ ಕೇಳಿದರು.

"ಇಲ್ಲ ಮಾವ, ಸ್ವಲ್ಪ ತಡೀರಿ."

ಇಂಥ ಹೊತ್ತಿಗೆಂದೇ ಡ್ರಾಯರಿನಲ್ಲಿ ಒಂದು ಬೂಟ್ ಫ್ಲಾಪಿ, ಅಂದರೆ ಕಂಪ್ಯೂಟರನ್ನು ಏಳಿಸುವ ಡಿಸ್ಕ್, ಇಟ್ಟಿದ್ದೆ. ಅದರ ತಗಡಿನ ಬಾಗಿಲು ಸರಿಸಿ ನೋಡಿದರೆ, ಒಳಗಿನ ಕಂದು ತಟ್ಟೆಯ ಮೇಲೆ ಬೂದಿ ಉದುರಿಸಿದ ಹಾಗೆ ಬೂಷ್ಟು. ಡ್ರೈವಿಗೆ ಹಾಕಿದೆ. ಕರಕರ ಅಂದಿತು, ಅಷ್ಟೇ. ಮುಂಬೈ ಮಳೆಗೆ ಹಪ್ಪಳವೇ ಉಳಿಯುವುದಿಲ್ಲ, ಫ್ಲಾಪಿ ಉಳಿಯುತ್ತಾ?

ಜೇಬಿನಲ್ಲಿ ಪೆನ್‌ಡ್ರೈವ್ ಇತ್ತು. 256 ಎಂಬಿ, ಅಂದರೆ ಹತ್ತಿರ ಹತ್ತಿರ 180 ಫ್ಲಾಪಿಯಷ್ಟು ಜಾಗ. ಅದರಿಂದಲೇ ಏಳಿಸಿದರೆ ಆಯ್ತು, ಅಲ್ವಾ? ಆಗಲಿಲ್ಲ. ಯಾಕೆ ಅಂತ ತಿಳಿಯಲು 25 ವರ್ಷ ಹಿಂದಕ್ಕೆ ಹೋಗಬೇಕು.

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಸ್ವಿಚ್ ಒತ್ತಿದಾಗ ಬೋರ್ಡಿನ ಚಿಪ್ಪಿನಲ್ಲಿರುವ ಬಯಾಸ್ ಎಂಬ ಪುಟ್ಟ ಪ್ರೋಗ್ರಾಂ ಎದ್ದು, ಮೆಮೊರಿ, ಕೀಬೋರ್ಡ್ ಎಲ್ಲ ತಡಕಿ ನೋಡಿ, ಫ್ಲಾಪಿಯ ಮೊದಲ ಸೆಕ್ಟರ್ ಓದುತ್ತಿತ್ತು. ಅದು ಬರೀ 512 ಬೈಟ್. ಈಗ ಕಂಪ್ಯೂಟರಿನಲ್ಲಿ ಅಕ್ಷರ ಉಳಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡ ಬರೆದರೆ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಆ ಲೆಕ್ಕದಲ್ಲಿ ಈ ಪ್ಯಾರಾ ಕೂಡ ಅಲ್ಲಿ ಹಿಡಿಯುವುದಿಲ್ಲ. ಆ ಚೂರು ಪ್ರೋಗ್ರಾಂ ತನಗಿಂತ ದೊಡ್ಡದನ್ನು ಎಳೆದು ತರಬೇಕು, ಅದು ಇನ್ನೂ ದೊಡ್ಡದನ್ನು. ಬೂಟ್ ಅಂದರೆ ಇದೇ. ಫ್ಲಾಪಿಗಳಿಗೆ ಎ ಮತ್ತು ಬಿ ಹೆಸರು ಹೋದವು, ಆಮೇಲೆ ಬಂದ ಹಾರ್ಡ್ ಡಿಸ್ಕಿಗೆ ಸಿ ಸಿಕ್ಕಿತು. ನಮಗೆಲ್ಲ ನೆನಪಿರುವ 1.44 ಎಂಬಿಯ ಗಟ್ಟಿ ಫ್ಲಾಪಿ ಐಬಿಎಂ ಯಂತ್ರಗಳಿಗೆ ಬಂದದ್ದು 1987ರಲ್ಲಿ.

ಹೀಗಾಗಿ ಡಿಸ್ಕ್ ಅಂದರೆ ಬಯಾಸ್‌ಗೆ ಗೊತ್ತಿದ್ದದ್ದು ಎರಡೇ ಜಾತಿ: ಫ್ಲಾಪಿ, ಹಾರ್ಡ್ ಡಿಸ್ಕ್. ಹೊಸದಾಗಿ ಯಾರೇ ಬಂದರೂ ಇವೆರಡರಲ್ಲಿ ಒಂದರ ವೇಷ ಕಟ್ಟಿಕೊಂಡೇ ರಂಗಕ್ಕೆ ಬರಬೇಕು. ಮೊದಲು ವೇಷ ಕಟ್ಟಿದ್ದು ಸಿಡಿ. 1995ರಲ್ಲಿ ಬಯಾಸ್ ಬರೆಯುವ ಫೀನಿಕ್ಸ್ ಕಂಪನಿ ಮತ್ತು ಐಬಿಎಂ ಸೇರಿ ಸಿಡಿಯಿಂದ ಬೂಟ್ ಮಾಡುವ ಕ್ರಮವೊಂದನ್ನು ರೂಪಿಸಿದವು. ಸಿಡಿಯೊಳಗೆ ಒಂದು ಫ್ಲಾಪಿಯ ಪಡಿಯಚ್ಚು ಇಟ್ಟು, ಅದನ್ನೇ ಎ ಡ್ರೈವ್ ಎಂದು ಬಯಾಸ್‌ಗೆ ನಂಬಿಸುವುದೂ ಅದರಲ್ಲಿ ಒಂದು ದಾರಿ. ಅದರ ಹೆಸರು ಎಲ್ ಟೊರಿಟೊ. ಕ್ಯಾಲಿಫೋರ್ನಿಯಾದ ಒಂದು ಹೋಟೆಲಿನ ಹೆಸರದು! ಮಾವನಿಗೆ ಹೇಳಿದ್ದಾಗ ಖುಷಿಪಟ್ಟಿದ್ದರು.

ಯುಎಸ್‌ಬಿಯ ಮೊದಲ ಆವೃತ್ತಿ 1996ರದ್ದು. ಅದನ್ನು ರೂಪಿಸಿದವರಲ್ಲಿ ಬರೋಡಾದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್ ಮುಖ್ಯರು. 1998ರ ಐಮ್ಯಾಕ್‌ನಲ್ಲಿ ಫ್ಲಾಪಿ ಡ್ರೈವೇ ಇರಲಿಲ್ಲ. 2000ದಲ್ಲಿ 8 ಎಂಬಿಯ ಪೆನ್‌ಡ್ರೈವ್‌ಗಳು ಮಾರುಕಟ್ಟೆಗೆ ಬಂದವು. ಆದರೆ ಫ್ಲಾಪಿ ಓದುವುದು ಬಯಾಸ್‌ಗೆ ಹುಟ್ಟಿನಿಂದ ಬಂದ ವಿದ್ಯೆ, ಯುಎಸ್‌ಬಿ ಹಾಗಲ್ಲ. ಪೋರ್ಟಿನಲ್ಲಿ ಕೂತಿರುವುದು ಮೌಸೋ ಪ್ರಿಂಟರೋ ಅಂತ ಮೊದಲು ವಿಚಾರಿಸಬೇಕು, ಆಮೇಲೆ ಅದರ ಭಾಷೆಯಲ್ಲೇ ಮಾತಾಡಬೇಕು. ವಿಂಡೋಸ್ ಎದ್ದ ಮೇಲಾದರೆ ಆ ಕೆಲಸವನ್ನು ಅದರ ಡ್ರೈವರ್ ಮಾಡುತ್ತದೆ. ವಿಂಡೋಸನ್ನೇ ಎಬ್ಬಿಸಬೇಕಾದಾಗ ಡ್ರೈವರ್ ಎಲ್ಲಿಂದ ತರೋಣ?

ಬಯಾಸ್ ಬರೆಯುವವರು ಆ ವಿದ್ಯೆಯನ್ನೂ ಚಿಪ್ಪಿಗೆ ತುಂಬಿದರು, ಆದರೆ ವೇಷ ಬಿಡಲಿಲ್ಲ. ಮೆನುವಿನಲ್ಲಿ ಯುಎಸ್‌ಬಿ-ಎಫ್‌ಡಿಡಿ, ಯುಎಸ್‌ಬಿ-ಜಿಪ್, ಯುಎಸ್‌ಬಿ-ಎಚ್‌ಡಿಡಿ ಅಂತ ಮೂರು ಸಾಲು. ಅದೇ ಪೆನ್‌ಡ್ರೈವ್ ಕಡ್ಡಿ ಫ್ಲಾಪಿಯಾಗಿ ನಟಿಸಬೇಕೋ, 100 ಎಂಬಿಯ ಜಿಪ್ ಡಿಸ್ಕ್ ಆಗಿಯೋ, ಹಾರ್ಡ್ ಡಿಸ್ಕ್ ಆಗಿಯೋ ಅಂತ ನಾವೇ ಹೇಳಬೇಕು. ಅದಕ್ಕೆ ತಕ್ಕಂತೆ ಫಾರ್ಮ್ಯಾಟ್ ಕೂಡ ಹೊಡೆಯಬೇಕು. ಇಲ್ಲದಿದ್ದರೆ ಮತ್ತೆ ಕಪ್ಪು ಪರದೆ.

ನಾನು ಗ್ರ್ಯಾಂಟ್ ರೋಡ್‌ನಲ್ಲಿ ಇಳಿದು, ಡಬ್ಬವನ್ನು ಹೆಗಲ ಮೇಲೆ ಹೊತ್ತು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ರಿಪೇರಿ ಹುಡುಗ ಎಚ್‌ಡಿಡಿ ಅಂತ ಇಟ್ಟು ನೋಡಿದ, ಆಗಲಿಲ್ಲ. ಕಡ್ಡಿಯನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ಬೇರೆ ರೀತಿ ಫಾರ್ಮ್ಯಾಟ್ ಹೊಡೆದ, ಜಿಪ್ ಅಂತ ಬದಲಾಯಿಸಿದ. ಎದ್ದಿತು. ಸಂಜೆ ತಿಂಡಿಯ ಹೊತ್ತಿಗೆ ಬಿಲ್ ಮತ್ತೆ ಪ್ರಿಂಟ್ ಆಗುತ್ತಿತ್ತು.

ಫ್ಲಾಪಿ ಅಷ್ಟು ಕಾಲ ಬದುಕಿದ್ದಕ್ಕೆ ಬಯಾಸ್ ಒಂದನ್ನೇ ದೂರುವುದು ಸರಿಯಲ್ಲ. ವಿಂಡೋಸ್ ಎಕ್ಸ್‌ಪಿ ಹಾಕುವಾಗ, ಸಾಟಾ ಎಂಬ ಬಗೆಯ ಹಾರ್ಡ್ ಡಿಸ್ಕ್ ಜೋಡಣೆಗೆ ಡ್ರೈವರ್ ಬೇಕಾದರೆ ಎಫ್6 ಕೀಲಿ ಒತ್ತಬೇಕಿತ್ತು, ಆಮೇಲೆ ಅದು ಕೇಳುತ್ತಿದ್ದದ್ದು ಫ್ಲಾಪಿಯನ್ನೇ. ಅದೊಂದಕ್ಕೆ ಸುಮ್ನೆ ಡ್ರೈವ್ ಕೊಂಡವರನ್ನು ನಾನು ಬಲ್ಲೆ. ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಲು ಮೈಕ್ರೋಸಾಫ್ಟ್ ತಾನೇ ಸಾಧನ ಕೊಟ್ಟದ್ದು 2009ರಲ್ಲಿ, ವಿಂಡೋಸ್ 7ರ ಜೊತೆ. 2011ರಲ್ಲಿ ರೂಫಸ್ ಎಂಬ ಪುಟ್ಟ ಪ್ರೋಗ್ರಾಂ ಬಂತು, ಪೆನ್‌ಡ್ರೈವನ್ನು ಬೂಟಬಲ್ ಮಾಡುವುದು ನಾಲ್ಕು ಕ್ಲಿಕ್ಕಿನ ಕೆಲಸವಾಯಿತು.

ಕೊನೆಗೆ ವೇಷ ಕಳಚಿಸಿದ್ದು ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ. ಅದಕ್ಕೆ 512 ಬೈಟಿನ ಹಂಗಿಲ್ಲ. ಫ್ಯಾಟ್32 ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಹೊಡೆದ ಕಡ್ಡಿಯಲ್ಲಿ ಗೊತ್ತಾದ ಫೋಲ್ಡರಿಗೆ ಹೋಗಿ ಗೊತ್ತಾದ ಹೆಸರಿನ ಫೈಲನ್ನು ತಾನೇ ತೆರೆಯುತ್ತದೆ. ತಕರಾರು ಬೇರೆ ಕಡೆಯಿಂದ ಬಂತು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ವಿಂಡೋಸ್ ಹಾಕಲು ಬೇಕಾದ ಮುಖ್ಯ ಫೈಲ್ ಎಷ್ಟೋ ಸಲ ಅದನ್ನು ದಾಟುತ್ತದೆ. 2012ರಲ್ಲಿ ವಿಂಡೋಸ್ 8 ಜೊತೆ ಬಂದ ಸೆಕ್ಯೂರ್ ಬೂಟ್, ನಂಬಬಹುದಾದ ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಂಗಳನ್ನು ಬಾಗಿಲಲ್ಲೇ ತಡೆಯುತ್ತದೆ.

ಆ ರಿಪೇರಿ ಹುಡುಗನಿಗೆ ಈಗ ತಲೆ ಅರ್ಧ ನರೆತಿದೆ. ಕೀಲಿ ಗೊಂಚಲಿನ ಹಾಗೆ ಹತ್ತಾರು ಪೆನ್‌ಡ್ರೈವ್ ಕಟ್ಟಿಕೊಂಡಿದ್ದಾನೆ, ಒಂದೊಂದಕ್ಕೂ ಬಿಳಿ ಟೇಪಿನ ಚೀಟಿ. ಅದರಲ್ಲಿ 2 ಜಿಬಿಯದ್ದೊಂದನ್ನು ಯಾರಿಗೂ ಕೊಡುವುದಿಲ್ಲ. ಕಾರ್ಖಾನೆಗಳಿಂದ ಇವತ್ತಿಗೂ ಹಳೇ ಬಯಾಸ್‌ನ ಯಂತ್ರಗಳು ಬರುತ್ತವಂತೆ. ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದಿದ್ದಾನೆ: ಜಿಪ್.