ಇಸ್ತ್ರಿ ಬೇಡದ ಅಂಗಿ ಯಾಕೆ ಹರಿಯಿತು?

ಮಂಗಳೂರಿನ ಸ್ಟೇಟ್‌ಬ್ಯಾಂಕಿನಿಂದ ಬಲ್ಮಠ ಕಡೆ ಹೋಗುವ ಸಿಟಿ ಬಸ್ಸು. ಇಳಿಯುವಾಗ ಕಂಡಕ್ಟರ್ ಅಂಗಿಯ ತೋಳು ಬಾಗಿಲ ಕೊಕ್ಕೆಗೆ ಸಿಕ್ಕಿ ಪರ್ರಂತ ಹರಿಯಿತು. "ಹೊಲಿಸಿ ಮೂರು ತಿಂಗಳಾಗಲಿಲ್ಲ ಮಾರಾಯ್ರೆ! ಇಸ್ತ್ರಿಯೇ ಬೇಡ, ಪ್ಯೂರ್ ಕಾಟನ್ ಅಂತ ಕೊಟ್ಟದ್ದು. ಹಳೇದು ನಾಲ್ಕು ವರ್ಷ ಬಂದಿತ್ತು" ಎಂದರು.

ಆ 'ಇಸ್ತ್ರಿ ಬೇಡ' ಅನ್ನುವುದರಲ್ಲೇ ವಿಷಯ ಇದೆ.

ಬಟ್ಟೆಯನ್ನು ಎಳೆಯುವುದು ಬೇರೆ, ಹರಿಯುವುದು ಬೇರೆ. ಎಳೆದಾಗ ಎಲ್ಲ ನೂಲೂ ಒಟ್ಟಿಗೆ ಭಾರ ಹೊರುತ್ತವೆ, ಮಲ್ಪೆಯಲ್ಲಿ ಕೈರಂಪಣಿ ಬಲೆ ಎಳೆಯುವವರ ಹಾಗೆ. ಹರಿಯುವಾಗ ಹಾಗಲ್ಲ, ಹರಿದ ತುದಿಯಲ್ಲಿರುವ ಒಂದೆರಡು ನೂಲಿನ ಮೇಲೇ ಎಲ್ಲ ಭಾರ. ಅದು ತುಂಡಾದರೆ ಪಕ್ಕದ್ದಕ್ಕೆ. ಬಟ್ಟೆ ಅಂಗಡಿಯವರು ಕತ್ತರಿಯಲ್ಲಿ ಚೂರು ಕಚ್ಚಿಸಿ ಸರ್ರನೆ ಹರಿದು ಕೊಡುತ್ತಾರಲ್ವಾ, ಅದು ಇದೇ ಲೆಕ್ಕ. ಆದರೆ ನೂಲಿಗೆ ಸ್ವಲ್ಪ ಜಾರಲು ಬಿಟ್ಟರೆ ನಾಲ್ಕಾರು ನೂಲು ತುದಿಗೆ ಬಂದು ಗುಂಪುಗೂಡುತ್ತವೆ, ಆಗ ಹರಿಯುವುದು ಕಷ್ಟ. ಬಟ್ಟೆಗೆ ಮೆದು ಮಾಡುವ ಸಾಫ್ಟ್‌ನರ್ ಹಾಕಿದರೆ ಹರಿಯುವುದು ಕಡಿಮೆಯಾಗುವುದು, ದಪ್ಪ ಗಂಜಿ ಹಾಕಿದರೆ ಬೇಗ ಹರಿಯುವುದು ಇದಕ್ಕೇ.

ಮಗ್ಗದಿಂದ ಇಳಿದ ಬಟ್ಟೆಯ ಗಂಜಿ ತೆಗೆದು, ತೊಳೆದು, ಬ್ಲೀಚ್ ಮಾಡಿ, ಬಣ್ಣ ಹಾಕುತ್ತಾರೆ. ಬ್ಲೀಚಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಸುವಾಗ ತುಕ್ಕಿನ ಒಂದು ಕಣ ಅಂಟಿಕೊಂಡಿದ್ದರೂ ಸಾಕು, ಅಲ್ಲಿ ಸಣ್ಣ ತೂತು ಬೀಳುತ್ತದೆ. ಎಲ್ಲ ಸಂಸ್ಕರಣೆಯೂ ಬಟ್ಟೆಯನ್ನು ಕೆಡಿಸುತ್ತದೆ ಅಂತಲ್ಲ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿ ಬಟ್ಟೆಯಲ್ಲಿ ಕಾಸ್ಟಿಕ್ ಸೋಡಾ ಸೋಸುತ್ತಿದ್ದಾಗ ಬಟ್ಟೆಯೇ ಕುಗ್ಗಿ ದಪ್ಪವಾದದ್ದನ್ನು ಕಂಡ. ಎಳೆಗಳು ಉಬ್ಬಿ ದುಂಡಗಾಗಿ, ಬಲ ಜಾಸ್ತಿಯಾಗಿತ್ತು. ಮರ್ಸರೈಸ್ಡ್ ಕಾಟನ್ ಅನ್ನುವುದು ಅದನ್ನೇ. ಅದೇ ಸುಮಾರಿಗೆ, 1851ರಲ್ಲಿ, ಹಾಲರ್ ಎಂಬ ಜರ್ಮನ್ ನೇಕಾರ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಗಾಗಿ ಮಂಗಳೂರಿಗೆ ಬಂದ. ಖಾಕಿ ಬಣ್ಣ ಹುಟ್ಟಿದ್ದು ಆತನ ಬಲ್ಮಠ ಕಾರ್ಖಾನೆಯಲ್ಲೇ ಅಂತ ನಮ್ಮೂರವರ ಹೆಮ್ಮೆ. ಪೇಶಾವರದ ಕಡೆಯ ಸಿಪಾಯಿಗಳು ಮೊದಲೇ ಖಾಕಿ ತೊಟ್ಟಿದ್ದರು ಅನ್ನಿ, ಅದನ್ನು ಇಲ್ಲಿ ಜೋರಾಗಿ ಹೇಳಬಾರದು.

ಇನ್ನು ಸುಕ್ಕಿನ ಕಥೆ. ಹತ್ತಿಯ ಎಳೆಯೊಳಗೆ ಸೆಲ್ಯುಲೋಸ್ ಅಣುಗಳ ಉದ್ದುದ್ದ ಸರಪಳಿಗಳಿವೆ. ಒದ್ದೆಯಾದಾಗ ಅವು ಜಾರಿ ಹೊಸ ಜಾಗದಲ್ಲಿ ಕೂರುತ್ತವೆ, ನಮಗದು ಸುಕ್ಕು. ಹೀಗಾಗದಂತೆ ರೆಸಿನ್ ಎಂಬ ರಾಸಾಯನಿಕ ಹಾಕಿ, 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಮಾಡಿ, ಸರಪಳಿಗಳ ನಡುವೆ ಏಣಿಯ ಮೆಟ್ಟಿಲಿನಂತೆ ಕೊಂಡಿ ಬಿಗಿಯುತ್ತಾರೆ. ಈಗ ಸುಕ್ಕಿಲ್ಲ, ಇಸ್ತ್ರಿಯೂ ಬೇಡ. ಆದರೆ ಭಾರ ಬಿದ್ದಾಗ ಸರಪಳಿಗಳು ಜಾರಿ ಹಂಚಿಕೊಳ್ಳುವ ಹಾಗೂ ಇಲ್ಲ, ಕೆಲವೇ ಸರಪಳಿಗಳು ಎಲ್ಲ ಭಾರ ಹೊತ್ತು ತುಂಡಾಗುತ್ತವೆ. ನೂಲಿನದ್ದೇ ಕಥೆ, ಅಳತೆ ಮಾತ್ರ ಸಣ್ಣದು. ಸಾಲದ್ದಕ್ಕೆ ಕೊಂಡಿ ಕೂಡಿಸಲು ಬೇಕಾದ ಆಮ್ಲ ಸರಪಳಿಗಳನ್ನೂ ಅಲ್ಲಲ್ಲಿ ಕಡಿಯುತ್ತದೆ. ಹೀಗೆ ಶುದ್ಧ ಹತ್ತಿ ಬಟ್ಟೆ ಮೂರನೇ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟು ಬಲ ಕಳೆದುಕೊಳ್ಳುವುದುಂಟು. ಯೂನಿಫಾರ್ಮಿಗೆ ಪಾಲಿಯೆಸ್ಟರ್ ಬೆರೆಸುವುದಕ್ಕೆ ಇದೂ ಒಂದು ಕಾರಣ. ಮಂಗಳೂರಿನ ಸೆಕೆಗೆ ಅದು ಶಿಕ್ಷೆ, ಆದರೆ ಪಾಲಿಯೆಸ್ಟರ್ ಎಳೆಗೆ ಈ ರೆಸಿನ್ ಏನೂ ಮಾಡುವುದಿಲ್ಲ.

ಮರುದಿನ ಅದೇ ಬಸ್ಸು, ಅದೇ ಕಂಡಕ್ಟರ್. ಹಳೇ ಅಂಗಿ ಹಾಕಿದ್ದರು. ಕಾಲರ್ ಬಣ್ಣ ಹೋಗಿತ್ತು, ಮೈತುಂಬ ಸುಕ್ಕು.