ದೋರ್ದೋನ್ ಕಣಿವೆ: ಕೋಟೆಗಳು ಯಾಕೆ ಬಂದವು, ಹೇಗೆ ಉಳಿದವು, ಈಗಿನ ಜಗಳ ಏನು

ಫ್ರಾನ್ಸಿನ ನೈಋತ್ಯದಲ್ಲಿ ಹರಿಯುವ ದೋರ್ದೋನ್ ನದಿಯ ದಡದಲ್ಲಿ ಬೇನಾಕ್ ಅಂತ ಒಂದು ಪುಟ್ಟ ಊರಿದೆ. ಸುಮಾರು ಐನೂರು ಜನರ ಊರು. ಊರಿನ ನೆತ್ತಿಯ ಮೇಲೆ, ನೀರಿನಿಂದ 150 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಯ ತುದಿಗೆ ಒಂದು ಕೋಟೆ. ಆ ಕೋಟೆಯ ಮೇಲೆ ನಿಂತರೆ ಎದುರು ದಡದಲ್ಲಿ ಇನ್ನೊಂದು ಕೋಟೆ ಕಾಣುತ್ತದೆ. ಅದು ಕಾಸ್ತೆಲ್ನೋ. ಅದೇ ಬದಿಯಲ್ಲಿ ಕೆಳಗೆ ಫೇರಾಕ್. ಈ ಬದಿಯ ಗುಡ್ಡದ ಮೇಲೆ ಮಾರ್ಕೆಸಾಕ್. ನದಿಯ ಜೊತೆ ಸ್ವಲ್ಪ ಮೇಲಕ್ಕೆ ಹೋದರೆ ಬಂಡೆಗೆ ಅಂಟಿಕೊಂಡು ನಿಂತ ಲಾ ರೋಕ್ ಗಜಾಕ್. ಅದರಾಚೆ ಗುಡ್ಡದ ನೆತ್ತಿಯಲ್ಲಿ ಕೋಟೆಗೋಡೆಯ ಊರು ದೋಮ್. ಇಷ್ಟೂ ಹತ್ತು ಹದಿನೈದು ಕಿಲೋಮೀಟರ್ ಒಳಗೆ.

2018ರಲ್ಲಿ ಇದೇ ಬೇನಾಕ್ ಎದುರಿಗೆ ನದಿಯಲ್ಲಿ ಕಾಂಕ್ರೀಟ್ ಕಂಬಗಳು ಎದ್ದವು. ಬೈಪಾಸ್ ರಸ್ತೆಗೆ ಸೇತುವೆ ಕಟ್ಟುವ ಕೆಲಸ. ಅದರ ಗಲಾಟೆ ಊರು, ಜಿಲ್ಲೆ ದಾಟಿ ಪ್ಯಾರಿಸ್‌ನ ಅತಿ ದೊಡ್ಡ ಆಡಳಿತ ನ್ಯಾಯಾಲಯದವರೆಗೆ ಹೋಯಿತು. ಮೂರು ಕಿಲೋಮೀಟರ್ ರಸ್ತೆಗೆ ಇಷ್ಟೊಂದು ರಂಪ ಯಾಕೆ ಅಂತ ಕೇಳಿದರೆ, ಈ ಕಣಿವೆ ಹೀಗೆ ಆದದ್ದು ಹೇಗೆ ಅನ್ನುವುದರಿಂದಲೇ ಶುರು ಮಾಡಬೇಕು.

ಕತೆ ಒಂದು ಮದುವೆಯಿಂದ ಶುರುವಾಗುತ್ತದೆ. ಅಕಿತೇನ್ ಎಂಬ ದೊಡ್ಡ ಸೀಮೆಯ ಒಡತಿ ಎಲಿಯನೋರ್. ಹದಿನೈದು ವರ್ಷ ಫ್ರಾನ್ಸ್ ದೊರೆ 7ನೇ ಲೂಯಿಯ ರಾಣಿಯಾಗಿದ್ದಳು. 1152ರ ಮಾರ್ಚ್‌ನಲ್ಲಿ ಆ ಮದುವೆ ರದ್ದಾಯಿತು. ಎರಡೇ ತಿಂಗಳಲ್ಲಿ ಅವಳು ಆಂಜೂ ಮನೆತನದ ಹೆನ್ರಿಯನ್ನು ಮದುವೆಯಾದಳು. 1154ರಲ್ಲಿ ಆ ಹೆನ್ರಿ ಇಂಗ್ಲೆಂಡಿನ ದೊರೆಯಾದ. ಹೆಂಡತಿಯ ಸೀಮೆ ಗಂಡನ ಜೊತೆ ಹೋಯಿತು. ದೋರ್ದೋನ್ ಕಣಿವೆಯೂ ಅದರೊಳಗೇ ಇತ್ತು.

ಕೋಟೆಗಳು ಅದಕ್ಕೂ ಮೊದಲೇ ಇದ್ದವು ಅನ್ನಿ. ಪೆರಿಗೋರ್ ಎಂದು ಕರೆಯುವ ಈ ಸೀಮೆಯಲ್ಲಿ ದೊರೆಯ ಕೈ ಯಾವತ್ತೂ ಅಷ್ಟು ಬಿಗಿಯಾಗಿರಲಿಲ್ಲ. ಎತ್ತರದ ಬಂಡೆ ಹಿಡಿದವನೇ ಪಾಳೆಗಾರ. ಕೆಳಗೆ ಹೋಗುವ ದೋಣಿಯಿಂದ ಸುಂಕ ವಸೂಲಿ, ನದಿ ದಾಟುವ ಜಾಗದ ಮೇಲೆ ಕಣ್ಣು. ಬೇನಾಕ್ ಒಡೆಯರು ಪೆರಿಗೋರ್‌ನ ನಾಲ್ಕು ದೊಡ್ಡ ಬ್ಯಾರನ್ ಮನೆತನಗಳಲ್ಲಿ ಒಂದು. ಎಲಿಯನೋರ್‌ಳ ಮಗ ರಿಚರ್ಡ್ ಒಂದು ಹೊತ್ತಿನಲ್ಲಿ ಬೇನಾಕನ್ನು ತನ್ನ ಬಾಡಿಗೆ ಸೈನಿಕರ ನಾಯಕ ಮೆರ್ಕಾದಿಯೆಗೆ ಕೊಟ್ಟುಬಿಟ್ಟಿದ್ದ. 1199ರಲ್ಲಿ ರಿಚರ್ಡ್ ಬಾಣ ತಾಗಿ ಸತ್ತದ್ದೂ ದೂರದಲ್ಲೇನಲ್ಲ, ಪಕ್ಕದ ಲಿಮೂಸೇನ್‌ನಲ್ಲಿ.

1214ರಲ್ಲಿ ಇನ್ನೊಂದು ಬಿರುಗಾಳಿ ಬಂತು. ದಕ್ಷಿಣ ಫ್ರಾನ್ಸಿನ ಕಥಾರ್ ಪಂಥದವರನ್ನು (ಚರ್ಚು ಧರ್ಮದ್ರೋಹಿಗಳು ಅಂದ ಕ್ರೈಸ್ತ ಪಂಗಡ) ಅಡಗಿಸಲು ಪೋಪ್ ಕರೆ ಕೊಟ್ಟ ಯುದ್ಧದ ನಾಯಕ ಸಿಮೋನ್ ದ ಮೋಂಫೋರ್ ಈ ಕಣಿವೆಗೆ ಇಳಿದ. ಕಾಸ್ತೆಲ್ನೋದ ಒಡೆಯ ಬೆರ್ನಾರ್ ದ ಕಾಸ್ನಾಕ್ ಕಥಾರ್ ಪರ ಇದ್ದವನು. ಅವನ ಕೋಟೆ ಹೋಯಿತು. ದೋಮ್ ಕೋಟೆ ಹೋಯಿತು. ಬೇನಾಕ್ ಕೋಟೆಯ ಗೋಪುರ ಕೆಡವಿದರು. ಮರುವರ್ಷ ಬೆರ್ನಾರ್ ತನ್ನ ಕೋಟೆಯನ್ನು ಮರಳಿ ಹಿಡಿದ. ಅದೇ ವರ್ಷ ಬೋರ್ದೋದ ಆರ್ಚ್‌ಬಿಷಪ್ ಅದಕ್ಕೆ ಬೆಂಕಿ ಹಾಕಿಸಿದ. ಈಗ ಅಲ್ಲಿ ನಾವು ನೋಡುವುದು ಆಮೇಲೆ ಕಟ್ಟಿದ್ದು.

ಗಡಿ ಅನ್ನುವುದು ನಿಜವಾಗಿ ಗಟ್ಟಿಯಾದದ್ದು 1259ರ ಪ್ಯಾರಿಸ್ ಒಪ್ಪಂದದಿಂದ. ಫ್ರಾನ್ಸಿನ 9ನೇ ಲೂಯಿ ಕೆಲವು ಸೀಮೆಗಳನ್ನು ಇಂಗ್ಲೆಂಡಿನ 3ನೇ ಹೆನ್ರಿಗೆ ಬಿಟ್ಟುಕೊಟ್ಟ. ಆದರೆ ಒಂದು ಷರತ್ತು. ಇಂಗ್ಲೆಂಡಿನಲ್ಲಿ ಹೆನ್ರಿ ದೊರೆ. ಅಕಿತೇನ್ ವಿಷಯಕ್ಕೆ ಬಂದರೆ ಫ್ರಾನ್ಸ್ ದೊರೆಯ ಮುಂದೆ ಮಂಡಿಯೂರಬೇಕಾದ ಸಾಮಂತ. ಇದರಿಂದ ಸ್ಥಳೀಯ ಪಾಳೆಗಾರರಿಗೆ ಆದ ಲಾಭ ಸಣ್ಣದಲ್ಲ. ಇಂಗ್ಲೆಂಡ್ ದೊರೆಯ ಕೋರ್ಟಿನಲ್ಲಿ ಸೋತವನು ಸೀದಾ ಪ್ಯಾರಿಸ್‌ಗೆ ದೂರು ಒಯ್ಯಬಹುದಿತ್ತು. ಇಬ್ಬರು ಒಡೆಯರಿದ್ದರೆ ಇಬ್ಬರಿಂದಲೂ ಕೆಲಸ ಮಾಡಿಸಿಕೊಳ್ಳಬಹುದು. ಹೀಗೆ ಕಾಲಕ್ರಮೇಣ ಕಾಸ್ತೆಲ್ನೋ ಬಹುಪಾಲು ಇಂಗ್ಲಿಷರ ಕಡೆ, ಬೇನಾಕ್ ಬಹುಪಾಲು ಫ್ರೆಂಚರ ಕಡೆ ಆಯಿತು. ನಡುವೆ ನದಿ.

ಈ ಪೈಪೋಟಿಯಿಂದ ಕೋಟೆಗಳಷ್ಟೇ ಹುಟ್ಟಲಿಲ್ಲ, ಊರುಗಳೂ ಹುಟ್ಟಿದವು. ನನಗೆ ಈ ಭಾಗ ತುಂಬಾ ಇಷ್ಟ. ಬಾಸ್ತೀದ್ ಅಂತ ಕರೆಯುವ ಯೋಜಿತ ಊರುಗಳನ್ನು 13 ಮತ್ತು 14ನೇ ಶತಮಾನದಲ್ಲಿ ನೈಋತ್ಯ ಫ್ರಾನ್ಸಿನ ತುಂಬ ಕಟ್ಟಿದರು. ಕಾಡು ಕಡಿದು, ದಾರ ಹಿಡಿದು ಅಳೆದು, ನೇರ ಬೀದಿ ಹಾಕಿ, ಒಂದೇ ಅಳತೆಯ ಸೈಟುಗಳನ್ನು ಹಂಚುತ್ತಿದ್ದರು. ಬಂದು ನೆಲೆಸಿದವರಿಗೆ ಹಕ್ಕುಪತ್ರ. ಜೀತದಿಂದ ಬಿಡುಗಡೆ, ಸಂತೆ ನಡೆಸುವ ಹಕ್ಕು, ಊರಿನ ವ್ಯವಹಾರ ನೋಡಿಕೊಳ್ಳಲು ತಮ್ಮದೇ ಪ್ರತಿನಿಧಿಗಳು. ಅದಕ್ಕೆ ಪ್ರತಿಯಾಗಿ ಗೊತ್ತಾದ ಗಡುವಿನೊಳಗೆ ಮನೆ ಕಟ್ಟಬೇಕು, ತೆರಿಗೆ ಕೊಡಬೇಕು. ಗಡಿಯಲ್ಲಿ ಜನ ನೆಲೆಸಿದರೆ ನೆಲ ತಮ್ಮದಾಗುತ್ತದೆ ಅಂತ ಎರಡೂ ಕಡೆಯ ದೊರೆಗಳಿಗೆ ಗೊತ್ತಿತ್ತು. 1281ರಲ್ಲಿ ಫ್ರಾನ್ಸಿನ 3ನೇ ಫಿಲಿಪ್ ದೋಮ್ ಊರನ್ನು ಕಟ್ಟಿಸಿದ. ಅದಾದ ಮೂರೇ ವರ್ಷಕ್ಕೆ, 1284ರಲ್ಲಿ, ಇಂಗ್ಲೆಂಡಿನ 1ನೇ ಎಡ್ವರ್ಡ್ ಹೆಸರಿನಲ್ಲಿ ಮೋಂಪಾಜಿಯೆ ಎದ್ದಿತು.

ಮೋಂಪಾಜಿಯೆ ನದಿಯಿಂದ ಸ್ವಲ್ಪ ದಕ್ಷಿಣಕ್ಕಿದೆ. 400 ಮೀಟರ್ ಉದ್ದ, 220 ಮೀಟರ್ ಅಗಲ, ಅಷ್ಟೇ ಊರು. ಏಳು ನೂರು ವರ್ಷ ಕಳೆದರೂ ಮೂಲ ನಕ್ಷೆ ಹಾಗೇ ಇದೆ. ನಡುವೆ ಚೌಕ, ಸುತ್ತ ಕಮಾನಿನ ಜಗಲಿ, ಒಂದು ಬದಿಗೆ ಮರದ ಕಂಬಗಳ ಸಂತೆಕಟ್ಟೆ. ಆ ಸಂತೆಕಟ್ಟೆಯಲ್ಲಿ ಧಾನ್ಯ ಅಳೆಯುತ್ತಿದ್ದ ಹಳೇ ಕೊಳಗಗಳು ಇನ್ನೂ ಇವೆ. ಅಲ್ಲಿ ಗಮನಿಸಬೇಕಾದ್ದು ಮನೆ ಮನೆ ನಡುವಿನ ಸಂದಿ. ಎರಡು ಮನೆಗಳ ಗೋಡೆ ಒಂದಕ್ಕೊಂದು ತಾಗುವುದಿಲ್ಲ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜಾಗ ಬಿಟ್ಟಿದ್ದಾರೆ. ಬೆಂಕಿ ಬಿದ್ದರೆ ಪಕ್ಕದ ಮನೆಗೆ ಹತ್ತಬಾರದು, ಸೂರಿನ ನೀರು, ಬಚ್ಚಲ ನೀರು ಹರಿದು ಹೋಗಬೇಕು. ಮನುಷ್ಯ ಅಡ್ಡ ತಿರುಗಿದರೂ ನುಸುಳುವುದು ಕಷ್ಟ. ಯಾವ ದೊರೆಯ ಹೆಸರೂ ಇಲ್ಲದ ಆ ಸಂದಿಯಲ್ಲಿ ಅಂದಿನ ಜನರ ದಿನದ ಬದುಕು ಕೋಟೆಗಳಿಗಿಂತ ಚೆನ್ನಾಗಿ ಕಾಣುತ್ತದೆ ಅಂತ ನನಗನ್ನಿಸುತ್ತದೆ.

ದೋಮ್ ಬೇರೆ ಥರ. ಅದು ಕಡಿದಾದ ಗುಡ್ಡದ ಮೇಲಿರುವುದರಿಂದ ಚೌಕದ ನಕ್ಷೆ ಕೂಡಲಿಲ್ಲ, ನೆಲ ಹೇಗಿತ್ತೋ ಹಾಗೆ ಬಾಗಿತು. ಅದರ ಹೆಬ್ಬಾಗಿಲಿನ ಜೋಡಿ ಬುರುಜಿನ ಒಳಗೋಡೆಯಲ್ಲಿ ಶಿಲುಬೆ, ಎಂಟು ಮೂಲೆಯ ಆಕೃತಿಗಳನ್ನು ಕೆತ್ತಿದ ಗುರುತುಗಳಿವೆ. 1307ರಲ್ಲಿ ಫ್ರಾನ್ಸ್ ದೊರೆ ಟೆಂಪ್ಲರ್ ಯೋಧಸಂನ್ಯಾಸಿಗಳನ್ನು ಬಂಧಿಸಿದ ಮೇಲೆ, ಇಲ್ಲಿ ಸೆರೆಯಲ್ಲಿದ್ದವರು ಕೆತ್ತಿದ್ದು ಎಂಬುದು ಬಹುಕಾಲದ ನಂಬಿಕೆ.

1337ರಲ್ಲಿ ಫ್ರಾನ್ಸ್ ದೊರೆ ಅಕಿತೇನನ್ನು ಮುಟ್ಟುಗೋಲು ಹಾಕಿಕೊಂಡ. ನೂರು ವರ್ಷದ ಯುದ್ಧ ಶುರುವಾಯಿತು. ಯುದ್ಧ ಅಂದರೆ ಬಯಲಿನಲ್ಲಿ ದೊಡ್ಡ ಸೈನ್ಯಗಳ ಕಾಳಗ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ನಡೆದದ್ದು ಬೇರೆ. ರಾತ್ರೋರಾತ್ರಿ ಕೋಟೆ ಹಿಡಿಯುವುದು, ಫಸಲಿಗೆ ಬೆಂಕಿ ಇಡುವುದು, ದುಡ್ಡು ಕೊಟ್ಟರೆ ಬಿಡುವುದು. ಸಂಬಳ ನಿಂತ ಸೈನಿಕರು ಗುಂಪು ಕಟ್ಟಿಕೊಂಡು ಹಳ್ಳಿಗಳನ್ನು ಸುಲಿದರು. 1360ರ ಬ್ರೆತಿನ್ಯಿ ಒಪ್ಪಂದದಲ್ಲಿ ಇಡೀ ಸೀಮೆ ಇಂಗ್ಲಿಷರ ಪಾಲಾಯಿತು; ಹತ್ತು ಹದಿನೈದು ವರ್ಷದಲ್ಲಿ ಬಹುಪಾಲು ಮರಳಿ ಫ್ರೆಂಚರಿಗೆ. ಕಾಸ್ತೆಲ್ನೋ ಹಲವು ಸಲ ಕೈ ಬದಲಾಯಿಸಿತು. ಕೊನೆಗೆ 1442ರಲ್ಲಿ ಫ್ರಾನ್ಸ್ ದೊರೆ 7ನೇ ಚಾರ್ಲ್ಸ್‌ನ ಸೈನ್ಯ ಅದಕ್ಕೆ ಮುತ್ತಿಗೆ ಹಾಕಿತು. ಮೂರು ವಾರದ ನಂತರ ಇಂಗ್ಲಿಷ್ ದಳಪತಿ 400 ಎಕ್ಯೂ ನಾಣ್ಯ ತಗೊಂಡು ಕೀಲಿಕೈ ಕೊಟ್ಟ.

ಯುದ್ಧದ ಕೊನೆಯ ಕಾಳಗವೂ ಇದೇ ನದಿಯ ದಡದಲ್ಲಿ ನಡೆಯಿತು, ಕೆಳಗೆ ಕಾಸ್ತಿಯೋಂ ಎಂಬಲ್ಲಿ, 1453ರ ಜುಲೈ 17ರಂದು. ಮುದಿ ಇಂಗ್ಲಿಷ್ ಸೇನಾಪತಿ ಜಾನ್ ಟಾಲ್ಬಟ್ ಫ್ರೆಂಚ್ ಫಿರಂಗಿಗಳ ಮೇಲೆ ನೇರ ನುಗ್ಗಿ ಸತ್ತ. ಇಂಗ್ಲಿಷರ ಮುನ್ನೂರು ವರ್ಷದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಎತ್ತರದ ಗೋಡೆಯ ಕಾಲವೂ ಮುಗಿಯುತ್ತ ಬಂತು. ಫಿರಂಗಿಯ ಮುಂದೆ ಎತ್ತರಕ್ಕಿಂತ ದಪ್ಪ ಮುಖ್ಯ. 16ನೇ ಶತಮಾನದ ಶುರುವಿನಲ್ಲಿ ಕಾಸ್ತೆಲ್ನೋಗೆ ದುಂಡನೆಯ ಫಿರಂಗಿ ಬುರುಜು ಸೇರಿಸಿದ್ದು ಅದಕ್ಕೇ.

ಆ ಹೊತ್ತಿಗಾಗಲೇ ಕಾಸ್ತೆಲ್ನೋದ ಕೋಮೋಂ ಮನೆತನಕ್ಕೆ ಕತ್ತಲೆ ಕೋಣೆಗಳು ಸಾಕಾಗಿದ್ದವು. 1489ರಲ್ಲಿ ಫ್ರಾನ್ಸ್ವಾ ದ ಕೋಮೋಂ ಹೆಂಡತಿ ಕ್ಲೋದ್‌ಗಾಗಿ ಹತ್ತಿರದಲ್ಲೇ ಮಿಲಾಂದ್ ಅರಮನೆ ಕಟ್ಟಿಸಿದ. ದೊಡ್ಡ ಕಿಟಕಿ, ಒಳಗೆ ಬೆಳಕು. (ಇದೇ ಮನೆಯನ್ನು 1947ರಲ್ಲಿ ಕೊಂಡವಳು ಜೋಸೆಫಿನ್ ಬೇಕರ್. ಅಮೆರಿಕದ ಕಪ್ಪು ನರ್ತಕಿ, ಎರಡನೇ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಗುಟ್ಟಾಗಿ ಕೆಲಸ ಮಾಡಿದವಳು. ಬೇರೆ ಬೇರೆ ದೇಶಗಳ ಹನ್ನೆರಡು ಮಕ್ಕಳನ್ನು ದತ್ತು ತಗೊಂಡು ಇಲ್ಲಿ ಸಾಕಿದಳು. ಸಾಲ ಏರಿ 1960ರ ದಶಕದ ಕೊನೆಗೆ ಮನೆ ಕೈಬಿಟ್ಟು ಹೋಯಿತು.)

16ನೇ ಶತಮಾನದಲ್ಲಿ ಕ್ಯಾಥೊಲಿಕ್ಕರಿಗೂ ಪ್ರಾಟೆಸ್ಟಂಟರಿಗೂ ನಡೆದ ಧರ್ಮಯುದ್ಧಗಳಲ್ಲಿ ಕಣಿವೆ ಮತ್ತೆ ಹೊತ್ತಿ ಉರಿಯಿತು. ಕಾಸ್ತೆಲ್ನೋದಲ್ಲೇ ಹುಟ್ಟಿದ ಪ್ರಾಟೆಸ್ಟಂಟ್ ನಾಯಕ ಜೋಫ್ರುವಾ ದ ವಿವಾನ್ಸ್ 1588ರಲ್ಲಿ ಕೆಲವೇ ಜನರ ಜೊತೆ ರಾತ್ರಿ ಬಂಡೆ ಹತ್ತಿ ದೋಮ್ ಹಿಡಿದ. ಆ ಕಡೆಯಿಂದ ಯಾರೂ ಹತ್ತಲಾರರು ಅಂತ ಊರವರು ಕಾವಲನ್ನೇ ಹಾಕಿರಲಿಲ್ಲ.

ಆಮೇಲೆ ನದಿಗೆ ಬೇರೆ ಕೆಲಸ ಬಂತು. ಗಬಾರ್ ಎಂಬ ಚಪ್ಪಟೆ ತಳದ ದೋಣಿಗಳು ಮೇಲಿನ ಕಾಡುಗಳಿಂದ ಓಕ್ ಮರದ ಹಲಗೆಗಳನ್ನು ಕೆಳಗೆ ಒಯ್ದವು. ಬೋರ್ದೋ ಸುತ್ತಿನ ವೈನ್ ಪೀಪಾಯಿಗಳಿಗೆ ಆ ಹಲಗೆ ಬೇಕಿತ್ತು. ನೀರು ಹದವಾಗಿ ಏರಿದಾಗ ಮಾತ್ರ ಪ್ರಯಾಣ. ತೀರಾ ಮೇಲಿನ ಊರುಗಳ ದೋಣಿಗಳು ವಾಪಸ್ ಬರುತ್ತಿರಲಿಲ್ಲ. ಕೆಳಗೆ ಮುಟ್ಟಿದ ಮೇಲೆ ದೋಣಿಯನ್ನೇ ಒಡೆದು ಮರಕ್ಕೆ ಮಾರಿ, ದೋಣಿಯವರು ನಡೆದುಕೊಂಡು ಊರು ಸೇರುತ್ತಿದ್ದರು. ಕೆಳಭಾಗದಿಂದ ಮೇಲಕ್ಕೆ ಉಪ್ಪು ತರುವ ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಎಳೆಯಬೇಕಿತ್ತು. 19ನೇ ಶತಮಾನದ ಕೊನೆಗೆ ರೈಲು ಬಂದು ಇದನ್ನು ಮುಗಿಸಿತು. ಅದೇ ಹೊತ್ತಿಗೆ ಫಿಲೋಕ್ಸೆರಾ ಎಂಬ ಕೀಟ ದ್ರಾಕ್ಷಿ ತೋಟಗಳನ್ನು ತಿಂದುಹಾಕಿತು. ಜನ ಊರು ಬಿಟ್ಟರು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈ ಊರುಗಳು ಹಳೆಯ ರೂಪದಲ್ಲೇ ಉಳಿದದ್ದಕ್ಕೆ ದೊಡ್ಡ ಕಾರಣ ಬಡತನ. ಕೆಡವಿ ಹೊಸದು ಕಟ್ಟುವ ದುಡ್ಡು ಯಾರಲ್ಲೂ ಇರಲಿಲ್ಲ. ಉಳಿಯಿತು ಅಂದರೆ ಸುಮ್ನೆ ಚೆನ್ನಾಗಿ ಉಳಿಯಿತು ಅಂತಲೂ ಅಲ್ಲ. ಫ್ರೆಂಚ್ ಕ್ರಾಂತಿಯ ನಂತರ ಪಾಳುಬಿದ್ದ ಕಾಸ್ತೆಲ್ನೋವನ್ನು 1832ರಿಂದ ಕಲ್ಲುಗಣಿಯಾಗಿ ಬಳಸಿದರು. ಕೋಟೆಯ ಕಲ್ಲನ್ನೇ ಕಿತ್ತು ಕೆಳಗೆ ಉರುಳಿಸಿ ಬೇರೆ ಕಟ್ಟಡಗಳಿಗೆ ಒಯ್ದರು. 1957ರ ಜನವರಿಯಲ್ಲಿ ಲಾ ರೋಕ್ ಗಜಾಕ್‌ನಲ್ಲಿ ಬಂಡೆಯ ಒಂದು ಭಾಗ ಕುಸಿದು ಮನೆಗಳ ಮೇಲೆ ಬಿತ್ತು. ಮೂವರು ಸತ್ತರು.

ಉಳಿಸುವ ಕೆಲಸ ನಿಜವಾಗಿ ಶುರುವಾದದ್ದು 1960ರ ದಶಕದಲ್ಲಿ. 1962ರ ಆಗಸ್ಟ್ 4ರಂದು ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಹೆಸರಿನ ಕಾನೂನು ಬಂತು. ಒಂದೊಂದು ಕಟ್ಟಡವನ್ನಲ್ಲ, ಇಡೀ ಹಳೇ ಪೇಟೆಯನ್ನೇ ಕಾಪಾಡುವ ಕಾನೂನು. ಅದನ್ನು ಮೊದಮೊದಲು ಪ್ರಯೋಗಿಸಿದ ಊರುಗಳಲ್ಲಿ ಕಣಿವೆಯ ದೊಡ್ಡ ಪೇಟೆ ಸಾರ್ಲಾ ಒಂದು. ಅಲ್ಲಿನ ಕಲ್ಲು ಹಾಸಿನ ಛಾವಣಿಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಂಚಿನ ಬದಲು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಚದರ ಮೀಟರಿಗೆ ನೂರಾರು ಕಿಲೋ ಭಾರ. ಆ ಭಾರ ಗೋಡೆಗೆ ಇಳಿಯಲಿ ಅಂತಲೇ ಛಾವಣಿ ಅಷ್ಟು ಕಡಿದಾಗಿರುತ್ತದೆ. ಇದನ್ನು ರಿಪೇರಿ ಮಾಡಲು ಬಲ್ಲ ಕೈಗಳು ಬೇಕು, ಖರ್ಚೂ ಜಾಸ್ತಿ.

ಕೋಟೆಗಳನ್ನು ಎತ್ತಿದ್ದು ಖಾಸಗಿಯವರು. ಬೇನಾಕನ್ನು 1960ರ ದಶಕದ ಶುರುವಿನಲ್ಲಿ ಲ್ಯೂಸಿಯೆನ್ ಗ್ರೋಸೋ ಕೊಂಡು, ಬದುಕಿನುದ್ದಕ್ಕೂ ದುರಸ್ತಿ ಮಾಡಿಸಿದರು. ಕಾಸ್ತೆಲ್ನೋ 1966ರಲ್ಲಿ ರಕ್ಷಿತ ಸ್ಮಾರಕವಾಯಿತು. ರೋಸಿಯೋಂ ಕುಟುಂಬ ಅದನ್ನು ಕಲ್ಲು ಕಲ್ಲಾಗಿ ಮತ್ತೆ ಕಟ್ಟಿ 1985ರಲ್ಲಿ ಯುದ್ಧಕಲೆಯ ಮ್ಯೂಸಿಯಂ ತೆರೆಯಿತು. ಕವಣೆಯಂತ್ರಗಳನ್ನು ಮತ್ತೆ ನಿಜ ಗಾತ್ರದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. 1982ರಲ್ಲಿ ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಸಂಘ ಹುಟ್ಟಿತು. ಬೇನಾಕ್, ಕಾಸ್ತೆಲ್ನೋ, ದೋಮ್, ಲಾ ರೋಕ್ ಗಜಾಕ್, ಮೋಂಪಾಜಿಯೆ ಎಲ್ಲವೂ ಆ ಪಟ್ಟಿಗೆ ಬಂದವು. ಹಳೇ ಕಲ್ಲುಮನೆಗಳನ್ನು ಕೊಂಡು ನೆಲೆಸಿದ ಬ್ರಿಟಿಷರ ಸಂಖ್ಯೆಯೂ ಸಣ್ಣದಲ್ಲ.

ಪ್ರವಾಸಿಗರು ಬಂದರು, ಕಾರುಗಳು ಬಂದವು. ಬೇನಾಕ್‌ನಲ್ಲಿ ರಸ್ತೆಗೆ ಇರುವುದು ಬಂಡೆಗೂ ನದಿಗೂ ನಡುವಿನ ಕಿರಿದಾದ ಪಟ್ಟಿ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ವಾಹನಗಳು ಒತ್ತೊತ್ತಾಗಿ ನಿಲ್ಲುತ್ತವೆ. ಬೈಪಾಸ್ ಬೇಕು ಅನ್ನುವ ಮಾತು 1980ರ ದಶಕದಿಂದಲೇ ಇತ್ತು. ಜಿಲ್ಲಾ ಆಡಳಿತದ ಯೋಜನೆ ಸುಮಾರು 3.2 ಕಿಲೋಮೀಟರ್ ರಸ್ತೆ. ನದಿ ಅಲ್ಲಿ ಬಾಗುವುದರಿಂದ ಎರಡು ಸಲ ದಾಟಬೇಕು, ಎರಡು ಸೇತುವೆ. 2012ರಲ್ಲೇ ಯುನೆಸ್ಕೊ ಈ ನದಿಯ ಇಡೀ ಕೊಳ್ಳವನ್ನು ಜೀವಗೋಳ ಮೀಸಲು ಎಂದು ಗುರುತಿಸಿತ್ತು. ಆದರೂ 2018ರ ಜನವರಿಯಲ್ಲಿ ಅನುಮತಿ ಸಿಕ್ಕಿತು, ಕೆಲಸ ಶುರುವಾಯಿತು.

ವಿರೋಧಿಗಳು ಕೋರ್ಟಿಗೆ ಹೋದರು. ಕೋಟೆಯ ನೋಟ ಹಾಳಾಗುತ್ತದೆ ಅನ್ನುವ ವಾದ ಜನರ ಬಾಯಲ್ಲಿ ಹೆಚ್ಚು ಇತ್ತು. ಆದರೆ ಕೋರ್ಟಿನಲ್ಲಿ ನಿಂತದ್ದು ಬೇರೆ ಪ್ರಶ್ನೆ. ರಕ್ಷಿತ ಪ್ರಾಣಿಪಕ್ಷಿಗಳ ನೆಲೆ ಕೆಡಿಸಬೇಕಾದರೆ ಅದಕ್ಕೆ ತಕ್ಕಷ್ಟು ದೊಡ್ಡ ಸಾರ್ವಜನಿಕ ಕಾರಣ ಇರಬೇಕು. ಇಲ್ಲಿ ಇದೆಯೇ? 2018ರ ಡಿಸೆಂಬರ್ 28ರಂದು ಆಡಳಿತ ವ್ಯಾಜ್ಯಗಳ ಅತ್ಯುನ್ನತ ನ್ಯಾಯಾಲಯ ಕೆಲಸ ನಿಲ್ಲಿಸಿತು. 2019ರ ಏಪ್ರಿಲ್‌ನಲ್ಲಿ ಬೋರ್ದೋ ನ್ಯಾಯಾಲಯ ಅನುಮತಿಯನ್ನೇ ರದ್ದು ಮಾಡಿ, ಕಟ್ಟಿದ್ದನ್ನು ಕೆಡವಿ ಜಾಗವನ್ನು ಮೊದಲಿನಂತೆ ಮಾಡಲು ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು. 2020ರ ಜೂನ್‌ನಲ್ಲಿ ಕೊನೆಯ ಮನವಿಯೂ ಬಿದ್ದುಹೋಯಿತು. ಜಿಲ್ಲಾ ಆಡಳಿತ ಬಿಡಲಿಲ್ಲ. ಬೇರೆ ರೂಪದಲ್ಲಿ ಯೋಜನೆ ತರುವ ಪ್ರಯತ್ನ ಮುಂದುವರಿಸಿತು. ತೀರ್ಪು ಬಂದು ವರ್ಷಗಳಾದರೂ ಕಂಬಗಳು ನೀರಿನಲ್ಲೇ ನಿಂತಿದ್ದವು.

ನಾನು ತೀರ್ಪಿನ ಪರ. ಆದರೆ ರಸ್ತೆ ಬೇಕು ಅಂದವರನ್ನು ಸುಂದರವಾದದ್ದರ ಬೆಲೆ ಗೊತ್ತಿಲ್ಲದವರು ಅಂತ ತಳ್ಳಿಹಾಕುವುದು ತಪ್ಪು. ಅವರು ವರ್ಷಪೂರ್ತಿ ಅಲ್ಲಿ ಬದುಕುವವರು. ಸಾಮಾನು ತುಂಬಿದ ಲಾರಿ ಎದುರಾದರೆ, ತುರ್ತಾಗಿ ಆಸ್ಪತ್ರೆಗೆ ಓಡಬೇಕಾದರೆ, ಕಷ್ಟ ಪಡುವವರು ಅವರು. ಕಣಿವೆಯಲ್ಲಿ ರೈಲು ಹಳಿ ಈಗಲೂ ಇದೆ, ಸಾರ್ಲಾದಿಂದ ಬೆರ್ಜರಾಕ್ ಮೂಲಕ ಬೋರ್ದೋಗೆ ರೈಲು ಓಡುತ್ತದೆ. ಬೇಸಿಗೆಯ ಎರಡು ತಿಂಗಳು ಪ್ರವಾಸಿಗರ ಕಾರುಗಳನ್ನು ಊರಾಚೆಯೇ ನಿಲ್ಲಿಸಿ, ರೈಲು ಮತ್ತು ಬಸ್ಸು ಹೆಚ್ಚು ಓಡಿಸುವುದನ್ನು ಮನಸ್ಸಿಟ್ಟು ಮಾಡಿ ನೋಡಬೇಕು. ಕೋಟೆ ನೋಡಲು ಬರುವವರು ಸ್ವಲ್ಪ ನಡೆಯಲಿ, ಊರವರ ಗಾಡಿ ಮೊದಲು ಹೋಗಲಿ.