ಟೋಪಿ ಸರಿ ಇದೆ, ಕಣ್ಣು ಅವನದಲ್ಲ

ಹಾಡುಗಾರ ಮೈಕೆಲ್ ಜಾಕ್ಸನ್ ತೀರಿಕೊಂಡ ಮೇಲೆ ಯಾರೋ ಬರೆದ ಒಂದು ಕಾರ್ಟೂನನ್ನು ಗೆಳತಿಯೊಬ್ಬಳಿಗೆ ತೋರಿಸಿದ್ದೆ. ಅವಳು ಚಿಕ್ಕಂದಿನಿಂದ ಅವನ ಅಭಿಮಾನಿ. ಚಿತ್ರದಲ್ಲಿ ಜಾಸ್ತಿ ಏನೂ ಇರಲಿಲ್ಲ. ಮೋಡದ ಮೇಲೆ ಒಂದು ದೊಡ್ಡ ಬಾಗಿಲು. ಅದರ ಕಡೆಗೆ ಬೆನ್ನು ಹಾಕಿ, ಹಿಂದಕ್ಕೆ ಜಾರುತ್ತಾ ಒಳಗೆ ಹೋಗುತ್ತಿರುವ ಒಬ್ಬ ಸಣಕಲು ಮನುಷ್ಯ. ಕಪ್ಪು ಟೋಪಿ, ಒಂದೇ ಕೈಗೆ ಗವಸು, ಗಿಡ್ಡ ಪ್ಯಾಂಟು, ಬಿಳಿ ಕಾಲುಚೀಲ. ನನಗೆ ನಗು ಬಂತು. ಅವಳು ನಗಲಿಲ್ಲ. ಹೆಬ್ಬೆರಳಿನಿಂದ ಟೋಪಿಯನ್ನು ಮುಚ್ಚಿ, ಉಳಿದ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಟೋಪಿ ಸರಿ ಇದೆ ಕಣೇ. ಕಣ್ಣು ಅವನದಲ್ಲ" ಅಂದಳು.

ಒಂದು ಚಿತ್ರಕ್ಕೆ ಯಾಕಿಷ್ಟು ನೊಂದುಕೊಳ್ಳಬೇಕು ಅಂತ ಆಗ ಅನ್ನಿಸಿದ್ದು ನಿಜ. ಆಮೇಲೆ ಮುಖ ಗುರುತಿಸುವ ವಿಜ್ಞಾನದ ಬಗ್ಗೆ ಓದುತ್ತಾ ಹೋದೆ. ಅವಳು ಹೇಳಿದ್ದು ಬರೀ ಅಭಿಮಾನದ ಮಾತಲ್ಲ ಅಂತ ಗೊತ್ತಾಯಿತು. ಅವಳ ಮಿದುಳು ನನ್ನ ಮಿದುಳಿಗಿಂತ ಬೇರೆಯದೇ ಚಿತ್ರವನ್ನು ನೋಡುತ್ತಿತ್ತು.

ಮೊದಲು ಕಾರ್ಟೂನಿನ ಕೆಲಸ ನೋಡೋಣ. ಉದ್ದ ಮೂಗಿದ್ದರೆ ಇನ್ನೂ ಉದ್ದ ಮಾಡುವುದು, ಚೂಪು ಗಲ್ಲವಿದ್ದರೆ ಇನ್ನೂ ಚೂಪು ಮಾಡುವುದು. ಹೀಗೆ ತಿರುಚಿದ ಮೇಲೂ ನಮಗೆ ಅದು ಯಾರೆಂದು ಹೇಗೆ ಗೊತ್ತಾಗುತ್ತದೆ? 1980ರ ದಶಕದಲ್ಲಿ ಅಮೆರಿಕದ ಸೂಸನ್ ಬ್ರೆನನ್ ಎಂಬ ಸಂಶೋಧಕಿ ಇದನ್ನು ಕಂಪ್ಯೂಟರ್‌ನಿಂದಲೇ ಮಾಡಿಸಿದರು. ತುಂಬ ಮುಖಗಳನ್ನು ಸೇರಿಸಿ ಒಂದು ಸರಾಸರಿ ಮುಖ ಮಾಡಿಕೊಳ್ಳುವುದು. ಯಾರ ಮುಖ ಬರೆಯಬೇಕೋ ಅದು ಈ ಸರಾಸರಿಯಿಂದ ಎಲ್ಲೆಲ್ಲಿ ಎಷ್ಟು ದೂರ ಇದೆ ಅಂತ ಅಳೆಯುವುದು. ಆ ದೂರವನ್ನು ಇನ್ನಷ್ಟು ಹಿಗ್ಗಿಸುವುದು. ಅಷ್ಟೇ, ಕಾರ್ಟೂನ್ ತಯಾರು.

1987ರಲ್ಲಿ ಗಿಲಿಯನ್ ರೋಡ್ಸ್, ಬ್ರೆನನ್ ಮತ್ತು ಸೂಸನ್ ಕೇರಿ ಸೇರಿ ಇಂಥ ಚಿತ್ರಗಳನ್ನು ಜನರಿಗೆ ತೋರಿಸಿದರು. ಚಿತ್ರದಲ್ಲಿದ್ದವರೆಲ್ಲ ನೋಡುವವರಿಗೆ ಪರಿಚಯದವರೇ. ಇದ್ದದ್ದು ಇದ್ದ ಹಾಗೆ ಬರೆದ ಗೆರೆಚಿತ್ರಕ್ಕಿಂತ ಹಿಗ್ಗಿಸಿ ಬರೆದ ಚಿತ್ರವನ್ನೇ ಜನ ಬೇಗ ಗುರುತಿಸಿದರು. ಹೆಚ್ಚುಕಡಿಮೆ ಅರ್ಧ ಸಮಯದಲ್ಲಿ! ಸರಾಸರಿ ಮುಖದ ಹತ್ತಿರಕ್ಕೆ ತಂದು ಬರೆದದ್ದನ್ನು ಗುರುತಿಸುವುದಕ್ಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ಅಂದರೆ ನಮ್ಮ ಮಿದುಳು ಮುಖಗಳನ್ನು ಫೋಟೊ ಥರ ಇಟ್ಟುಕೊಂಡಿರುವುದಿಲ್ಲ. 'ಎಲ್ಲರ ಹಾಗಿಲ್ಲದ್ದು ಏನು' ಅನ್ನುವುದನ್ನು ಬರೆದಿಟ್ಟುಕೊಂಡಿರುತ್ತದೆ. ಕಾರ್ಟೂನ್ ಬರೆಯುವವರ ಪೆನ್ನು ನೇರವಾಗಿ ಅಲ್ಲಿಗೇ ಕೈ ಹಾಕುತ್ತದೆ.

ಪ್ರಾಣಿಗಳಲ್ಲೂ ಇದರ ಒಂದು ಸೋದರ ಗುಣವಿದೆ. ಹೆರಿಂಗ್ ಗಲ್ ಅನ್ನುವ ಕಡಲಹಕ್ಕಿಯ ಮರಿ, ತಾಯಿಯ ಹಳದಿ ಕೊಕ್ಕಿನ ಮೇಲಿರುವ ಕೆಂಪು ಚುಕ್ಕೆಯನ್ನು ಕುಕ್ಕಿ ಊಟ ಕೇಳುತ್ತದೆ. ನಿಕೊ ಟಿನ್‌ಬರ್ಗನ್ ಎಂಬ ವಿಜ್ಞಾನಿ ಒಂದು ತೆಳ್ಳಗಿನ ಕೆಂಪು ಕಡ್ಡಿಗೆ ಬಿಳಿ ಪಟ್ಟಿ ಬಳಿದು ಮರಿಗಳ ಮುಂದೆ ಹಿಡಿದರು. ತಾಯಿಯ ತಲೆಯ ತದ್ರೂಪಕ್ಕಿಂತ ಆ ಕಡ್ಡಿಯನ್ನೇ ಮರಿಗಳು ಹೆಚ್ಚು ಕುಕ್ಕಿದವು. ಅದರಲ್ಲಿ ತಾಯಿಯ ಯಾವ ಅಂಗವೂ ಇರಲಿಲ್ಲ, ತಾಯಿಯ ಗುರುತು ಮಾತ್ರ ಜೋರಾಗಿ ಇತ್ತು. ಚಿತ್ರಕಲೆಗೂ ಇದಕ್ಕೂ ನಂಟಿದೆ ಅಂತ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ವಾದಿಸಿದ್ದಾರೆ. ಟೋಪಿ, ಗವಸು, ಕಾಲುಚೀಲ ಮೂರೇ ಸಾಕು, ಜಾಕ್ಸನ್ ಬಂದು ನಿಂತುಬಿಡುತ್ತಾನೆ.

ಆದರೆ ಯಾರಿಗೆ ಸಾಕು? ನನ್ನಂಥವಳಿಗೆ. ಗೆಳತಿಗೆ ಸಾಕಾಗಲಿಲ್ಲ. ಇದರ ಕಾರಣ ಇನ್ನೊಂದು ಹಳೆಯ ಸಂಶೋಧನೆಯಲ್ಲಿದೆ. 1979ರಲ್ಲಿ ಎಲಿಸ್, ಶೆಫರ್ಡ್ ಮತ್ತು ಡೇವಿಸ್ ಎಂಬ ಮೂವರು, ಪರಿಚಿತ ಮುಖವನ್ನೂ ಅಪರಿಚಿತ ಮುಖವನ್ನೂ ನಾವು ಬೇರೆಬೇರೆ ರೀತಿಯಲ್ಲಿ ಗುರುತಿಸುತ್ತೇವೆ ಅಂತ ತೋರಿಸಿದರು. ಚೆನ್ನಾಗಿ ಗೊತ್ತಿರುವವರನ್ನು ಗುರುತಿಸಲು ಮುಖದ ಒಳಭಾಗ, ಅಂದರೆ ಕಣ್ಣು, ಮೂಗು, ಬಾಯಿ ಹೆಚ್ಚು ನೆರವಾಗುತ್ತವೆ. ಗೊತ್ತಿಲ್ಲದವರ ವಿಷಯದಲ್ಲಿ ಒಳಭಾಗಕ್ಕೆ ಅಂಥ ಮೇಲುಗೈ ಇರುವುದಿಲ್ಲ. ಕೂದಲು, ತಲೆಯ ಆಕಾರದಂಥ ಹೊರಗಿನ ಗುರುತುಗಳ ಮೇಲೂ ಅಷ್ಟೇ ಆತುಕೊಳ್ಳುತ್ತೇವೆ. ದಿನಾ ನೋಡುವವರು ಕೂದಲು ಕತ್ತರಿಸಿಕೊಂಡು ಬಂದರೂ ನಮಗೆ ಗೊಂದಲ ಆಗುವುದಿಲ್ಲ ಅಲ್ವಾ? ಒಂದೇ ಸಲ ಕಂಡವರು ಹಾಗೆ ಬಂದರೆ ತಡಬಡಾಯಿಸುತ್ತೇವೆ.

ನನಗೆ ಜಾಕ್ಸನ್ ಅಂದರೆ ಟೋಪಿ. ಅವಳಿಗೆ ಸಾವಿರಾರು ಗಂಟೆ ನೋಡಿದ ಕಣ್ಣು. ಹಾಡಿನ ನಡುವೆ ಅವನು ರೆಪ್ಪೆ ಇಳಿಸುವ ರೀತಿ, ಮಾತಾಡುವಾಗ ನೆಲ ನೋಡುವ ಸಂಕೋಚ. ಬರೆದವರು ಹೊರಗಿನದನ್ನೆಲ್ಲ ಸರಿಯಾಗಿ ಹಿಡಿದು, ಒಳಗಿನದನ್ನು ಎರಡು ಚುಕ್ಕೆಯಲ್ಲಿ ಮುಗಿಸಿದ್ದರು. ತುಂಬ ಹತ್ತಿರದವರ ಬಟ್ಟೆ ಹಾಕಿಕೊಂಡು ಬೇರೆ ಯಾರೋ ಎದುರಿಗೆ ಬಂದರೆ ಮೈ ಜುಮ್ಮೆನ್ನುತ್ತದಲ್ಲ, ಅವಳಿಗಾದದ್ದು ಅದು.

ಹತ್ತಿರದವರು ಅಂದೆ. ಅವಳು ಜಾಕ್ಸನ್‌ನನ್ನು ಒಮ್ಮೆಯೂ ಭೇಟಿಯಾದವಳಲ್ಲ. ಆದರೂ 'ಅವನು' ಅಂತಲೇ ಅನ್ನುತ್ತಾಳೆ. ಗಮನಿಸಿ, ನಮ್ಮ ಭಾಷೆಯಲ್ಲಿ ದೊಡ್ಡವರಿಗೆ ಬಹುವಚನ. ಏಕವಚನ ಸಿಗುವುದು ಅಮ್ಮನಿಗೆ, ಜೀವದ ಗೆಳೆಯರಿಗೆ, ದೇವರಿಗೆ. ಮೆಚ್ಚಿದ ಹಾಡುಗಾರರೂ ಆ ಸಾಲಿಗೆ ಸುಮ್ನೆ ಬಂದು ಸೇರಿಕೊಳ್ಳುತ್ತಾರೆ. ಈ ಒಮ್ಮುಖ ನಂಟನ್ನು ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ವಿವರಿಸಿದ್ದರು. ಆಗ ಟಿವಿ ಹೊಸದು. ಪರದೆಯ ಮೇಲಿನವರು ನೇರವಾಗಿ ನಮ್ಮ ಕಣ್ಣು ನೋಡಿ ಮಾತಾಡುತ್ತಾರೆ, ನಾವು ಮನಸ್ಸಿನಲ್ಲೇ ಉತ್ತರ ಕೊಡುತ್ತೇವೆ. ಮಿದುಳು ಅದನ್ನೂ ಒಂದು ಒಡನಾಟ ಅಂತಲೇ ಲೆಕ್ಕ ಹಿಡಿಯುತ್ತದೆ.

ಹಾಡಿನ ವಿಷಯದಲ್ಲಂತೂ ಈ ನಂಟು ಇನ್ನೂ ಗಟ್ಟಿ. 2009ರಲ್ಲಿ ಪೀಟರ್ ಜನಾಟ ಎಂಬ ವಿಜ್ಞಾನಿ, ಜನರಿಗೆ ಅವರ ಬಾಲ್ಯ ಮತ್ತು ಹರೆಯದ ಕಾಲದ ಜನಪ್ರಿಯ ಹಾಡಿನ ತುಣುಕುಗಳನ್ನು ಕೇಳಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ನೆನಪು ಉಕ್ಕಿ ಬಂದಾಗ, ಹಣೆಯ ಹಿಂದೆ ನಡುಭಾಗದಲ್ಲಿರುವ ಒಂದು ಪ್ರದೇಶ ಚುರುಕಾಯಿತು. 'ನಾನು' ಎಂಬ ಯೋಚನೆಗೂ ಆ ಜಾಗಕ್ಕೂ ನಂಟಿದೆ. ಹರೆಯದಲ್ಲಿ ಯಾವ ಹಾಡು ಕೇಳಿದೆವೋ ಅದರ ಜೊತೆಗೆ ನಮ್ಮ ಆ ವರ್ಷಗಳೂ ಕಟ್ಟಿಕೊಂಡಿರುತ್ತವೆ. ಹಾಡಿದವರನ್ನು ಯಾರಾದರೂ ಹಂಗಿಸಿದರೆ ಆ ಕಟ್ಟೂ ಅಲುಗಾಡುತ್ತದೆ.

ಜಾಕ್ಸನ್ ಸತ್ತದ್ದು 2009ರ ಜೂನ್ 25ರಂದು, ಲಾಸ್ ಏಂಜಲೀಸ್‌ನಲ್ಲಿ. ವಯಸ್ಸು 50. ಸುದ್ದಿ ಹರಡಿದಾಗ ಅವನ ಹೆಸರು ಹುಡುಕಿದವರ ಪ್ರವಾಹ ಎಷ್ಟಿತ್ತೆಂದರೆ, ಯಾವುದೋ ಯಂತ್ರ ದಾಳಿ ಮಾಡುತ್ತಿದೆ ಅಂತ ಗೂಗಲ್ ಸ್ವಲ್ಪ ಹೊತ್ತು ತಪ್ಪು ತಿಳಿಯಿತು. ಮುಂದಿನ ತಿಂಗಳಿಂದ ಲಂಡನ್ನಿನಲ್ಲಿ ಅವನ 50 ಕಾರ್ಯಕ್ರಮಗಳು ನಡೆಯಬೇಕಿತ್ತು. ಟಿಕೆಟ್ ಕೊಂಡವರಿಗೆ ಆಯೋಜಕರು ಎರಡು ದಾರಿ ಕೊಟ್ಟರು: ಹಣ ವಾಪಸ್ ತಗೊಳ್ಳಿ, ಇಲ್ಲವೇ ಟಿಕೆಟ್ಟನ್ನೇ ನೆನಪಿಗೆ ಇಟ್ಟುಕೊಳ್ಳಿ. ಎಷ್ಟೋ ಜನ ಹಣ ಬೇಡ ಅಂದರು. ಎಂದೂ ನಡೆಯದ ಕಾರ್ಯಕ್ರಮದ ಟಿಕೆಟ್ ಅದು. ದುಃಖ ಅಂದರೆ ಸತ್ತವರನ್ನು ಬಿಟ್ಟುಕೊಡುವುದು ಅಂತ ಮನೋವಿಜ್ಞಾನ ಬಹಳ ಕಾಲ ಹೇಳುತ್ತಿತ್ತು. ಡೆನಿಸ್ ಕ್ಲಾಸ್ ಮತ್ತಿತರರು 1996ರಲ್ಲಿ ಈ ಮಾತನ್ನು ತಿದ್ದಿದರು. ಜನ ಬಿಟ್ಟುಕೊಡುವುದಿಲ್ಲ, ನಂಟನ್ನು ಬೇರೆ ರೂಪದಲ್ಲಿ ಮುಂದುವರಿಸುತ್ತಾರೆ ಅಂದರು. ಆ ಟಿಕೆಟ್ ಅಂಥ ಒಂದು ರೂಪ.

ಇಂಥ ಹೊತ್ತಲ್ಲಿ ಕಾರ್ಟೂನ್ ಬಂದರೆ? ತಮಾಷೆ ಅನ್ನಿಸಬೇಕಾದರೆ ಎರಡು ಬೇಕು ಅಂತಾರೆ ಸಂಶೋಧಕರಾದ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರನ್. ಏನೋ ಒಂದು ಎಡವಟ್ಟಾಗಿರಬೇಕು, ಅದೇ ಹೊತ್ತಿಗೆ 'ಪರವಾಗಿಲ್ಲ ಬಿಡು' ಅಂತಲೂ ಅನ್ನಿಸಬೇಕು. ಎರಡನೆಯದು ಬರುವುದು ಆದದ್ದಕ್ಕೂ ನಮಗೂ ನಡುವೆ ಸ್ವಲ್ಪ ದೂರ ಇದ್ದಾಗ. 2012ರಲ್ಲಿ ಅಮೆರಿಕಕ್ಕೆ ಸ್ಯಾಂಡಿ ಚಂಡಮಾರುತ ಬಡಿದಾಗ ಅದರ ಮೇಲಿನ ಜೋಕುಗಳನ್ನು ಬೇರೆಬೇರೆ ದಿನ ಜನರಿಗೆ ಕೊಟ್ಟು ಮೆಕ್‌ಗ್ರಾ ತಂಡ ಪರೀಕ್ಷಿಸಿತು. ಅನಾಹುತದ ಮೊದಲ ದಿನಗಳಲ್ಲಿ ನಗು ಕುಗ್ಗಿತು. ಸುಮಾರು 36 ದಿನ ಕಳೆದ ಮೇಲೆ ಅತಿ ಹೆಚ್ಚಾಯಿತು. ಆಮೇಲೆ ಮತ್ತೆ ಇಳಿಯಿತು. ತೀರಾ ಹತ್ತಿರವಿದ್ದರೆ ನೋವು, ತೀರಾ ದೂರವಾದರೆ ಬೇಸರ.

ದೂರ ಅಂದರೆ ದಿನಗಳ ಲೆಕ್ಕ ಮಾತ್ರ ಅಲ್ಲ, ನಂಟಿನ ಲೆಕ್ಕವೂ ಹೌದು. ಒಂದೇ ಹಾಳೆ ನೋಡುತ್ತಾ ನಾನೂ ಅವಳೂ ಒಂದೇ ಕಡೆ ಕೂತಿದ್ದೆವು. ಅವನ ಸಾವಿಗೆ ಅವಳು ನನಗಿಂತ ತುಂಬಾ ಹತ್ತಿರದಲ್ಲಿದ್ದಳು.

ಇನ್ನೊಂದು ಮಾತು ಹೇಳಲೇಬೇಕು, ಇದು ನನಗೂ ಬೇಸರ ತಂದ ವಿಷಯ. ಜಾಕ್ಸನ್‌ನ ಮೈಬಣ್ಣ. ಬಿಳಿಯನಾಗಲು ಹೊರಟವನು ಅಂತ ಅವನ ಮೇಲೆ ಎಷ್ಟೊಂದು ಚಿತ್ರ, ಎಷ್ಟೊಂದು ಜೋಕು. 1993ರಲ್ಲಿ ಟಿವಿ ಸಂದರ್ಶನವೊಂದರಲ್ಲಿ, ಚರ್ಮದ ಬಣ್ಣ ಹಾಳಾಗುವ ಕಾಯಿಲೆ ತನಗಿದೆ ಅಂತ ಅವನೇ ಹೇಳಿದ. ಜನ ಪೂರ್ತಿ ನಂಬಲಿಲ್ಲ. ಸತ್ತ ಮೇಲೆ ಮರಣೋತ್ತರ ಪರೀಕ್ಷೆಯ ವರದಿ ಅದನ್ನು ದೃಢಪಡಿಸಿತು. ಅವನಿಗಿದ್ದದ್ದು ತೊನ್ನು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡುವ ಕಾಯಿಲೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಚ್ಚೆ ಮೈತುಂಬ ಹರಡಿದಾಗ, ಉಳಿದ ಬಣ್ಣವನ್ನೂ ಔಷಧಿಯಿಂದ ತೆಗೆದು ಮೈಯನ್ನು ಒಂದೇ ಸಮ ಮಾಡುವ ಚಿಕಿತ್ಸೆಯೂ ಇದೆ. ಕಾರ್ಟೂನಿನ ಲೆಕ್ಕದಲ್ಲಿ ಮೈಬಣ್ಣ ಕೂಡ 'ಎಲ್ಲರ ಹಾಗಿಲ್ಲದ್ದು', ಹಿಗ್ಗಿಸಬಹುದಾದ್ದು. ಉದ್ದ ಮೂಗನ್ನು ಹಿಗ್ಗಿಸುವುದಕ್ಕೂ ಕಾಯಿಲೆಯನ್ನು ಹಿಗ್ಗಿಸುವುದಕ್ಕೂ ವ್ಯತ್ಯಾಸ ಇದೆ. ಪೆನ್ನಿಗೆ ಅದು ಗೊತ್ತಾಗುವುದಿಲ್ಲ, ಹಿಡಿದ ಕೈಗೆ ಗೊತ್ತಿರಬೇಕು. ಅಭಿಮಾನಿಗಳು ಇದಕ್ಕೆ ಸಿಟ್ಟಾದಾಗ ನ್ಯಾಯ ಅವರ ಕಡೆಗೇ ಇತ್ತು ಅಂತ ನನ್ನ ಅಭಿಪ್ರಾಯ.

ಎಲ್ಲ ಸಿಟ್ಟೂ ಹಾಗಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಆರೋಪಗಳು ಅವನ ಮೇಲಿದ್ದವು. 2005ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಅವನನ್ನು ನಿರ್ದೋಷಿ ಅಂದಿತು. ಸತ್ತ ಮೇಲೆ ಬೇರೆಯವರೂ ಆರೋಪ ಮಾಡಿದರು. ಅದರ ಬಗ್ಗೆ ಕೇಳುವ ಚಿತ್ರವನ್ನೂ 'ಅವನನ್ನು ಅವಮಾನಿಸಬೇಡಿ' ಅಂತ ತಳ್ಳಿಹಾಕಿದರೆ ಅಲ್ಲಿ ಕೆಲಸ ಮಾಡುತ್ತಿರುವುದು ಅದೇ ಒಮ್ಮುಖ ನಂಟು. ಗೆಳೆಯರ ಬಗ್ಗೆ ಕೆಟ್ಟ ಮಾತು ಬಂದಾಗ ಕಿವಿ ಮುಚ್ಚಿಕೊಳ್ಳುವುದು ನಮಗೆ ಅಭ್ಯಾಸ. ನನ್ನ ಗೆಳತಿ ಇದನ್ನು ಒಪ್ಪುತ್ತಾಳೆ, ಕಷ್ಟಪಟ್ಟು.

ಆ ದಿನ ಅವಳು ಕಾರ್ಟೂನನ್ನು ಹರಿದು ಹಾಕಲಿಲ್ಲ. ಪೆನ್ಸಿಲ್ ಕೇಳಿ ತಗೊಂಡಳು. ಎರಡು ಚುಕ್ಕೆಯ ಕಣ್ಣುಗಳ ಮೇಲೆ ಒಂದೊಂದು ಗೆರೆ ಎಳೆದಳು. ರೆಪ್ಪೆ ಅರ್ಧ ಇಳಿಯಿತು. ಕಣ್ಣಿನ ತುದಿಗೆ ಇಷ್ಟೇ ಇಷ್ಟು ನೆರಳು ಕೊಟ್ಟಳು. ಆಮೇಲೆ ನನ್ನ ಹೆಬ್ಬೆರಳನ್ನು ಹಿಡಿದು ಟೋಪಿಯ ಮೇಲೆ ಇಟ್ಟಳು.

"ಈಗ ನೋಡು" ಅಂದಳು.